ದ್ವಾರಪಾಲಕನ ಕವಲುಗಳು

ವೈಕುಂಠದ ಆರು ಬಾಗಿಲುಗಳನ್ನು ನಿರಾತಂಕವಾಗಿ ದಾಟಿಬಂದ ಸನಕಾದಿಗಳನ್ನು ಏಳನೆಯ ಬಾಗಿಲಲ್ಲಿ ಜಯವಿಜಯರು ತಡೆದ ಕಥೆಯನ್ನು ಕೇಳದವರು ವಿರಳ. ಐದು ವರ್ಷದ ಬಾಲಕರಂತೆ ಕಾಣುತ್ತಿದ್ದ, ಮೈಮೇಲೆ ಬಟ್ಟೆಯೂ ಇಲ್ಲದ ಆ ನಾಲ್ವರು ಬ್ರಹ್ಮನ ಮಾನಸಪುತ್ರರೆಂಬುದು ಕಾವಲುಗಾರರಿಗೆ ಹೊಳೆಯಲಿಲ್ಲ. ಪುರಾಣ ಹೇಳುವವರು ಈ ಸಂದರ್ಭದಲ್ಲಿ ದ್ವಾರಪಾಲಕರ ಅಹಂಕಾರವನ್ನೇ ಎತ್ತಿ ಆಡುವುದು ವಾಡಿಕೆ. ಆದರೂ ಆ ಬಡಪಾಯಿಗಳ ಪಕ್ಷವನ್ನು ವಹಿಸಿ ಎರಡು ಮಾತನಾಡಲು ಅವಕಾಶವುಂಟು. ದೇವತೆಗಳು ಬಂದರೆ ಬಿಡತಕ್ಕದ್ದು, ದೈತ್ಯರು ಬಂದರೆ ತಡೆಯತಕ್ಕದ್ದು ಎಂದಷ್ಟೇ ಅವರಿಗೆ ಅಪ್ಪಣೆಯಾಗಿದ್ದಿರಬಹುದು. ಬೆತ್ತಲೆಯ ಹುಡುಗರು ಬಂದರೆ ಏನು ಮಾಡಬೇಕೆಂಬುದನ್ನು ಯಾರೂ ಹೇಳಿದ್ದಿರಲಾರರು. ಹೇಳದೆ ಬಿಟ್ಟ ಆ ಒಂದು ಮಾತಿಗಾಗಿ ಅವರು ಮೂರು ಜನ್ಮಗಳ ಕಾಲ ರಾಕ್ಷಸರಾಗಿಯೂ ದುಷ್ಟ ದೊರೆಗಳಾಗಿಯೂ ತೊಳಲಬೇಕಾಯಿತು.

ಈಗಿನ ಕಾಲದಲ್ಲಿ ಬಾಗಿಲು ಕಾಯುವ ಕೆಲಸವು ಬಹುಮಟ್ಟಿಗೆ ಬರಹದ ಪಾಲಿಗೆ ಬಂದಿದೆ. ಕಾಲೇಜಿನಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಒಬ್ಬನು ತನ್ನ ಫೋನನ್ನು ತೆರೆದು ಅಲ್ಲಿಯ ವೈಫೈ ಜಾಲದ ಹೆಸರನ್ನು ಮುಟ್ಟಿದ ಕೂಡಲೆ, ಮೇಲ್ಛಾವಣಿಗೆ ಅಂಟಿಕೊಂಡಿರುವ ಪುಟ್ಟ ಪೆಟ್ಟಿಗೆಯೊಂದು ಅವನನ್ನು ಹೊಸ್ತಿಲಿನ ಹೊರಗೆ ನಿಲ್ಲಿಸಿ ಹೆಸರನ್ನೂ ಪಾಸ್‌ವರ್ಡನ್ನೂ ಕೇಳುತ್ತದೆ. ಪೆಟ್ಟಿಗೆಗೆ ಸ್ವಂತ ವಿವೇಚನೆಯಿಲ್ಲ. ಕೇಳಿದುದನ್ನು ಅದು ಒಳಗಿನ ಕೋಣೆಯಲ್ಲಿರುವ ಸರ್ವರ್ ಯಂತ್ರಕ್ಕೆ ಒಪ್ಪಿಸಿ, ಬಂದ ಉತ್ತರದಂತೆ ನಡೆದುಕೊಳ್ಳುತ್ತದೆ. ಇವೆರಡರ ನಡುವಣ ಸಂಭಾಷಣೆಯ ಪದ್ಧತಿಗೆ ರೇಡಿಯಸ್ ಎಂದು ಹೆಸರು. ಅಮೆರಿಕದ ಮಿಷಿಗನ್ ಪ್ರಾಂತದ ಮೆರಿಟ್ ಎಂಬ ವಿದ್ಯಾಜಾಲಕ್ಕಾಗಿ ಲಿವಿಂಗ್‌ಸ್ಟನ್ ಎಂಬ ಕಂಪೆನಿಯವರು 1991ರಲ್ಲಿ ಇದನ್ನು ರೂಪಿಸಿದರು. ಆಗ ಜನರು ಟೆಲಿಫೋನಿನ ತಂತಿಯ ಮೂಲಕ ದೂರದಿಂದ ಬಂದು ಸೇರುತ್ತಿದ್ದ ಕಾಲ. 1997ರಲ್ಲಿ ಇದು ಬಹಿರಂಗ ವಿಧಿಯಾಗಿ ಪ್ರಕಟವಾಗಿ, 2000ದಲ್ಲಿ ಪರಿಷ್ಕೃತವಾಯಿತು. 2001ರಲ್ಲಿ 802.1ಎಕ್ಸ್ ಎಂಬ ಇನ್ನೊಂದು ವಿಧಿ ಬಂದ ಮೇಲೆ ಸ್ಥಳೀಯ ಜಾಲದ ಒಂದೊಂದು ತೂತಿಗೂ, ತರುವಾಯ ವೈಫೈಗೂ ಇದೇ ಕಾವಲು ಒದಗಿತು. ತಂತಿಯ ಕಾಲದ ದ್ವಾರಪಾಲಕನು ಗಾಳಿಯ ಕಾಲದಲ್ಲಿಯೂ ಕೆಲಸ ಬಿಟ್ಟಿಲ್ಲ.

ಈ ದ್ವಾರಪಾಲಕನ ಉತ್ತರವು ಹೌದು ಅಥವಾ ಅಲ್ಲ ಎಂಬಷ್ಟಕ್ಕೆ ಮುಗಿಯುವುದಿಲ್ಲ. ಹೌದೆಂದು ಹೇಳುವಾಗ ಬಂದವನು ಯಾವ ಓಣಿಯಲ್ಲಿ ನಡೆಯಬೇಕೆಂಬುದನ್ನೂ ಅವನೇ ಹೇಳಬಲ್ಲನು. ಕಣ್ಣಿಗೆ ಒಂದೇ ಆಗಿ ತೋರುವ ಜಾಲವನ್ನು ಒಳಗೊಳಗೇ ಪ್ರತ್ಯೇಕವಾದ ಓಣಿಗಳಾಗಿ ಹಂಚಬಹುದು. ಇವಕ್ಕೆ ಜಾಲದವರ ಮಾತಿನಲ್ಲಿ ವಿ-ಲ್ಯಾನ್ ಎನ್ನುತ್ತಾರೆ. ಓಣಿಯ ಸಂಖ್ಯೆಗೆ ಹನ್ನೆರಡು ಬಿಟ್ಟುಗಳ ಸ್ಥಳವಿರುವುದರಿಂದ 4094 ಓಣಿಗಳವರೆಗೆ ಬಳಕೆಗೆ ದೊರೆಯುತ್ತವೆ. ಅಂಕಪಟ್ಟಿಗಳಿರುವ ಯಂತ್ರವು ಒಂದು ಓಣಿಯಲ್ಲಿ, ವಿದ್ಯಾರ್ಥಿಗಳ ಫೋನುಗಳು ಮತ್ತೊಂದರಲ್ಲಿ, ಅತಿಥಿಗಳು ಮೂರನೆಯದರಲ್ಲಿ. ಒಂದರವರು ಇನ್ನೊಂದಕ್ಕೆ ಇಣುಕಿ ನೋಡಲಾರರು. ಆದುದರಿಂದ ಹೊಸ್ತಿಲಿನ ಪ್ರಶ್ನೆ ‘ಒಳಗೋ ಹೊರಗೋ’ ಎಂಬುದಲ್ಲ. ‘ಇವನು ಯಾರು, ಇವನಿಗೆ ಎಲ್ಲಿ’ ಎಂಬುದು. ಆ ಪ್ರಶ್ನೆಗೆ ಎರಡೇ ಉತ್ತರಗಳೆಂದು ತಿಳಿದು ನಿಯಮ ಬರೆದರೆ ಜಯವಿಜಯರ ಪಾಡು ತಪ್ಪದು.

ಒಂದು ಕಾಲೇಜನ್ನು ಊಹಿಸಿಕೊಳ್ಳಬಹುದು. ಜಾಲವನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬನಿದ್ದಾನೆ. ಮೊದಲ ವರ್ಷ ಅವನ ಕೆಲಸ ಸುಲಭ: ಬಂದವರು ಅಧ್ಯಾಪಕರಾದರೆ ಅಧ್ಯಾಪಕರ ಓಣಿ, ಇಲ್ಲವಾದರೆ ವಿದ್ಯಾರ್ಥಿಗಳ ಓಣಿ. ಒಂದು ‘ಆದರೆ’, ಒಂದು ‘ಇಲ್ಲವಾದರೆ’. ಇಷ್ಟರಲ್ಲಿ ಸಂಸಾರ ಸಾಗುತ್ತದೆ. ಮರುವರ್ಷ ಪುಸ್ತಕಭಂಡಾರದವರು ಬರುತ್ತಾರೆ; ಅವರು ಅಧ್ಯಾಪಕರೂ ಅಲ್ಲ, ವಿದ್ಯಾರ್ಥಿಗಳೂ ಅಲ್ಲ. ಆಮೇಲೆ ಪರೀಕ್ಷಾ ವಿಭಾಗದ ಗುಮಾಸ್ತರು. ಆಮೇಲೆ ಹೊರಗಿನಿಂದ ಬರುವ ಪರೀಕ್ಷಕರು, ವಾರ್ಷಿಕೋತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿಗಳು, ತನ್ನ ಹೆಸರನ್ನು ಹೇಳಲು ಬಾರದ ಮುದ್ರಣಯಂತ್ರ. ಪ್ರತಿಯೊಬ್ಬರಿಗಾಗಿಯೂ ಹಳೆಯ ನಿಯಮದ ಹಿಂದೆ ಒಂದೊಂದು ‘ಅದೂ ಅಲ್ಲವಾದರೆ’ಯನ್ನು ಕಟ್ಟುತ್ತ ಹೋಗುತ್ತಾನೆ. ಮೂರು ತಲೆಮಾರಿನವರು ಅವಸರಕ್ಕೆ ತಕ್ಕಂತೆ ಕೋಣೆಗಳನ್ನು ಸೇರಿಸುತ್ತ ಬಂದ ಹಳೆಯ ಮನೆಗಳಲ್ಲಿ ಅಡಿಗೆಯ ಮನೆಯಿಂದ ಬಚ್ಚಲಿಗೆ ಹೋಗಲು ಕೊಟ್ಟಿಗೆಯನ್ನು ಹಾಯಬೇಕಾಗುವುದುಂಟು. ಮನೆಯವರಿಗೆ ಅದು ಅಭ್ಯಾಸವಾಗಿರುತ್ತದೆ. ಹೊಸದಾಗಿ ಬಂದ ಸೊಸೆ ಕತ್ತಲಲ್ಲಿ ಎಡವುತ್ತಾಳೆ. ಅವಿಷಾಯ್ ವೂಲ್ ಎಂಬ ವಿದ್ವಾಂಸರು ಬೇರೆಬೇರೆ ಸಂಸ್ಥೆಗಳು ನಿಜವಾಗಿ ಬಳಸುತ್ತಿದ್ದ 37 ಫೈರ್‌ವಾಲ್ ನಿಯಮಾವಳಿಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ನಿಯಮಾವಳಿಯ ತೊಡಕು ಹೆಚ್ಚಿದಂತೆ ತಪ್ಪುಗಳೂ ಹೆಚ್ಚುವುದನ್ನು ಲೆಕ್ಕ ಹಾಕಿ ತೋರಿಸಿದರು. ಹಳೆಯ ಮನೆಗಳಲ್ಲಿ ಬಾಳಿದವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಇಂತಹ ಸರಪಣಿಯಲ್ಲಿ ಅತ್ಯಂತ ವಂಚಕವಾದ ದೋಷಕ್ಕೆ ಶಾಸ್ತ್ರಜ್ಞರು ಇಟ್ಟಿರುವ ಹೆಸರು ‘ನೆರಳು’. ಮೂರನೆಯ ಸಾಲಿನಲ್ಲಿ ‘ವಿದ್ಯಾರ್ಥಿನಿಲಯದ ಕಡೆಯಿಂದ ಬಂದವರೆಲ್ಲರಿಗೂ ವಿದ್ಯಾರ್ಥಿಗಳ ಓಣಿ’ ಎಂದು ಬರೆದಿರುತ್ತದೆ. ಹದಿನಾಲ್ಕನೆಯ ಸಾಲಿನಲ್ಲಿ ‘ನಿಲಯದ ಪಾಲಕರಾದರೆ ಸಿಬ್ಬಂದಿಯ ಓಣಿ’ ಎಂದು ಬರೆದಿರುತ್ತದೆ. ಪಾಲಕರು ವಾಸಿಸುವುದೂ ಆ ನಿಲಯದಲ್ಲಿಯೇ. ಮೇಲಿನಿಂದ ಓದುತ್ತ ಬರುವ ಯಂತ್ರವು ಮೂರನೆಯ ಸಾಲಿನಲ್ಲಿಯೇ ತೃಪ್ತಿಗೊಂಡು ನಿಲ್ಲುತ್ತದೆ. ಹದಿನಾಲ್ಕನೆಯ ಸಾಲು ಅವರನ್ನು ಕಾಣುವುದೇ ಇಲ್ಲ. ಎರಡು ಸಾಲುಗಳನ್ನೂ ಬೇರೆಬೇರೆಯಾಗಿ ಓದಿದರೆ ಎರಡೂ ಸರಿ. ಯಂತ್ರವು ಯಾವ ತಪ್ಪನ್ನೂ ಸಾರುವುದಿಲ್ಲ. ಪಾಲಕರು ಮಾತ್ರ ರಾತ್ರಿಯ ಹಾಜರಿಯನ್ನು ದಾಖಲು ಮಾಡಲಾರದೆ ಕುಳಿತಿರುತ್ತಾರೆ.

ಕ್ರಮವೇ ಇಲ್ಲಿ ಧರ್ಮ. ಅದರಲ್ಲಿಯೂ ಎರಡು ಸಂಪ್ರದಾಯಗಳುಂಟು. 2001ರ ಆರಂಭದಲ್ಲಿ ಲಿನಕ್ಸ್ ವ್ಯವಸ್ಥೆಯ 2.4ನೆಯ ಆವೃತ್ತಿಯೊಡನೆ ಬಳಕೆಗೆ ಬಂದ ಐಪಿಟೇಬಲ್ಸ್ ಎಂಬ ಕಾವಲಿನಲ್ಲಿ, ಬಿಡು ಅಥವಾ ತಡೆ ಎಂದು ತೀರ್ಪು ಹೇಳುವ ನಿಯಮಗಳೊಳಗೆ ಮೊದಲು ಹೊಂದಿದ್ದು ಗೆಲ್ಲುತ್ತದೆ. ಅದೇ ವರ್ಷದ ಕೊನೆಯಲ್ಲಿ ಓಪನ್‌ಬಿಎಸ್‌ಡಿ ಎಂಬ ವ್ಯವಸ್ಥೆಗೆ ಸೇರಿದ ಪಿಎಫ್ ಎಂಬ ಕಾವಲಿನಲ್ಲಿ, ‘ಇಲ್ಲಿಯೇ ನಿಲ್ಲು’ ಎಂಬ ವಿಶೇಷ ಅಪ್ಪಣೆ ಇಲ್ಲದ ಪಕ್ಷಕ್ಕೆ, ಕೊನೆಗೆ ಹೊಂದಿದ ನಿಯಮವೇ ಗೆಲ್ಲುತ್ತದೆ. ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಈ ಎರಡನೆಯ ಮಾತು ಎಲ್ಲಿಯೋ ಕೇಳಿದಂತೆ ತೋರಬಹುದು. ಸಮಾನ ಬಲದ ಎರಡು ಸೂತ್ರಗಳು ಒಂದೇ ಕಡೆಗೆ ಕೈಚಾಚಿ ಜಗಳಕ್ಕೆ ನಿಂತಾಗ ಮುಂದಿನದನ್ನು ಹಿಡಿಯಬೇಕೆಂದು ಪಾಣಿನಿಯ ವ್ಯವಸ್ಥೆ, ಪರಂಪರೆಯ ವ್ಯಾಖ್ಯಾನಕಾರರು ತಿಳಿದ ಮಟ್ಟಿಗೆ. ಆದರೆ ವೈಯಾಕರಣನಿಗೆ ಒಂದು ಅನುಕೂಲವಿತ್ತು. ಸಾಮಾನ್ಯ ವಿಧಿಯಾದ ಉತ್ಸರ್ಗ ಯಾವುದು, ಅದನ್ನು ಬಾಧಿಸುವ ಅಪವಾದ ಯಾವುದು ಎಂಬುದನ್ನು ಅವನ ಶಿಷ್ಯರು ಅರ್ಥದಿಂದಲೇ ಗುರುತಿಸಬಲ್ಲವರಾಗಿದ್ದರು; ಅಪವಾದವು ಎಲ್ಲಿಯೇ ಇರಲಿ, ಅದಕ್ಕೆ ಬಲ ಹೆಚ್ಚು. ಯಂತ್ರಕ್ಕೆ ಆ ಗುರುತಿಲ್ಲ. ಮೊದಲನೆಯ ಸಂಪ್ರದಾಯದಲ್ಲಿ ಅಪವಾದವನ್ನು ಉತ್ಸರ್ಗದ ಮೇಲೆ ಬರೆಯಬೇಕು, ಎರಡನೆಯದರಲ್ಲಿ ಕೆಳಗೆ ಬರೆಯಬೇಕು. ಒಂದು ಕಾವಲಿನಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಸಾಲುಗಳನ್ನು ಇದ್ದಂತೆಯೇ ನಕಲು ಮಾಡಿದವನು ಅರ್ಥವನ್ನು ತಲೆಕೆಳಗು ಮಾಡಿದಂತಾಗುತ್ತದೆ.

ಈ ಸರಪಣಿಯ ಕಷ್ಟಕ್ಕೆ ಪರಿಹಾರವಾಗಿ ಬಂದದ್ದು ಬಹುಕವಲು. ಪ್ರಶ್ನೆಯನ್ನು ಒಂದೇ ಸಲ ಕೇಳಿ, ಉತ್ತರಕ್ಕೆ ತಕ್ಕ ದಾರಿಯನ್ನು ಹಿಡಿಯುವ ಕ್ರಮ ಅದು. ಎಣಿಕೆಯ ಯಂತ್ರಗಳ ಭಾಷೆಗಳಿಗೆ ಇದು ಬಾಲ್ಯದಿಂದಲೂ ಪರಿಚಿತವೇ. 1957ರ ಫೋರ್ಟ್ರಾನ್ ಭಾಷೆಯಲ್ಲಿ ಒಂದು ಸಂಖ್ಯೆಯನ್ನು ನೋಡಿ ಅದು ಸೊನ್ನೆಗಿಂತ ಕಡಿಮೆಯೋ, ಸೊನ್ನೆಯೋ, ಹೆಚ್ಚೋ ಎಂದು ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುವ ವಿಧಾನವಿತ್ತು. 1964ರಲ್ಲಿ ಇಂಗ್ಲೆಂಡಿನ ಟೋನಿ ಹೋರ್ ಅವರು ಎಷ್ಟು ಕವಲುಗಳನ್ನಾದರೂ ಅಚ್ಚುಕಟ್ಟಾಗಿ ಜೋಡಿಸಬಹುದಾದ ‘ಕೇಸ್’ ಎಂಬ ರಚನೆಯನ್ನು ಸೂಚಿಸಿದರು. ತರುವಾಯ ಬಂದ ಸಿ ಭಾಷೆಯ ‘ಸ್ವಿಚ್’ ಎಂಬುದು ಲೋಕಪ್ರಸಿದ್ಧವಾಯಿತು. ಆದರೆ ಅದರಲ್ಲಿ ಪ್ರತಿ ಕವಲಿನ ಕೊನೆಗೂ ‘ಸಾಕು, ಹೊರಡು’ ಎಂಬರ್ಥದ ‘ಬ್ರೇಕ್’ ಮಾತನ್ನು ಬರೆಯಬೇಕು. ಬರೆಯಲು ಮರೆತರೆ ಮುಂದಿನ ಕವಲಿಗೆ ಜಾರಿಬೀಳಬೇಕಾಗುತ್ತದೆ. ಸಲ್ಲದ ಕಡೆ ಬರೆದರೆ ಮಾಡಬೇಕಾದುದನ್ನು ಬಿಟ್ಟು ಹೊರಟುಹೋಗಬೇಕಾಗುತ್ತದೆ. 1990ನೆಯ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಕಂಪೆನಿಯ ದೂರದೂರಿನ ಟೆಲಿಫೋನ್ ವ್ಯವಸ್ಥೆಯು ಸುಮಾರು ಒಂಬತ್ತು ಗಂಟೆಗಳ ಕಾಲ ತತ್ತರಿಸಿತು. ಕಾರಣವನ್ನು ಹುಡುಕಿದಾಗ, ಕರೆಗಳನ್ನು ಜೋಡಿಸುವ ಯಂತ್ರಗಳ ಕ್ರಮವಿಧಿಯಲ್ಲಿ, ಇಂತಹ ಒಂದು ಸ್ವಿಚ್ಚಿನೊಳಗೆ ತಪ್ಪಾದ ಸ್ಥಳದಲ್ಲಿ ಕುಳಿತಿದ್ದ ಒಂದು ‘ಬ್ರೇಕ್’ ಸಿಕ್ಕಿತು. ಒಂದೇ ಒಂದು ಪದ!

ಜಾಲದ ಬಾಗಿಲಿಗೆ ನಿಯಮ ಬರೆಯುವ ಭಾಷೆಗಳನ್ನು ರೂಪಿಸಿದವರು ಈ ಅಪಾಯಕ್ಕೆ ಎಡೆಗೊಡಲಿಲ್ಲವೆಂಬುದು ಸಮಾಧಾನದ ಸಂಗತಿ. 1999ರಲ್ಲಿ ಆರಂಭವಾಗಿ, ಲೋಕದ ಅನೇಕ ವಿದ್ಯಾಲಯಗಳ ಬಾಗಿಲನ್ನು ಕಾಯುತ್ತಿರುವ ಫ್ರೀರೇಡಿಯಸ್ ಎಂಬ ಉಚಿತ ಸರ್ವರಿನಲ್ಲಿ ‘ಅನ್‌ಲ್ಯಾಂಗ್’ ಎಂಬ ಚಿಕ್ಕ ನಿಯಮಭಾಷೆಯಿದೆ. ಹೆಸರಿನಲ್ಲಿಯೇ ‘ಇದು ಭಾಷೆಯಲ್ಲ’ ಎಂಬ ವಿನಯವನ್ನು ಅಡಗಿಸಿಕೊಂಡಿರುವ ಇದರಲ್ಲಿಯೂ ಸ್ವಿಚ್ ಉಂಟು, ಕೇಸ್ ಉಂಟು. ಆದರೆ ಒಂದೊಂದು ಕವಲೂ ತನ್ನ ಆವರಣದೊಳಗೆ ಬಂದಿ. ಹೊಂದಿದ ಒಂದೇ ಕವಲು ನಡೆಯುತ್ತದೆ, ಮುಂದಿನದಕ್ಕೆ ಜಾರುವ ಭಯವಿಲ್ಲ. ಯಾವುದೂ ಹೊಂದದಿದ್ದರೆ ಹೆಸರಿಲ್ಲದ ಕವಲೊಂದು, ಬರೆದಿದ್ದರೆ, ಅವನನ್ನು ಎದುರುಗೊಳ್ಳುತ್ತದೆ. ಅಧಿಕಾರಿಯು ತನ್ನ ಹದಿನಾಲ್ಕು ಸಾಲುಗಳ ಸರಪಣಿಯನ್ನು ಬಿಚ್ಚಿ, ‘ಬಂದವನ ವರ್ಗ ಯಾವುದು?’ ಎಂದು ಒಮ್ಮೆ ಕೇಳಿ, ಅಧ್ಯಾಪಕ, ವಿದ್ಯಾರ್ಥಿ, ಸಿಬ್ಬಂದಿ, ಅತಿಥಿ ಎಂದು ನಾಲ್ಕು ಕವಲುಗಳನ್ನು ಬರೆದಾಗ ಪುಟವು ನೋಡಲು ಎಷ್ಟು ಚೆಲುವಾಗಿರುತ್ತದೆಂದರೆ, ಅವನಿಗೆ ಅಂದು ರಾತ್ರಿ ಒಳ್ಳೆಯ ನಿದ್ದೆ ಬಂದರೆ ಅದನ್ನು ಆಕ್ಷೇಪಿಸಲಾಗದು.

ಆದರೆ ಬಹುಕವಲು ಒಂದೇ ಪ್ರಶ್ನೆಯನ್ನು ಕೇಳುತ್ತದೆ. ಮನುಷ್ಯರು ಒಂದೇ ಉತ್ತರವಾಗಿರಲು ಒಪ್ಪುವುದಿಲ್ಲ. ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ಬೆಳಿಗ್ಗೆ ಕಿರಿಯರಿಗೆ ಪಾಠ ಹೇಳಿ ಸಂಬಳ ಪಡೆಯುತ್ತಾಳೆ, ಮಧ್ಯಾಹ್ನ ತಾನೇ ಪಾಠ ಕೇಳುತ್ತಾಳೆ. ಅವಳು ಅಧ್ಯಾಪಕಳೋ ವಿದ್ಯಾರ್ಥಿನಿಯೋ? ಅಮೆರಿಕದ ವಿದ್ಯಾಲಯಗಳವರು 2001ರಲ್ಲಿ ಮೊದಲು ಹೊರತಂದ ಎಜುಪರ್ಸನ್ ಎಂಬ ವಿವರಣಪದ್ಧತಿಯಲ್ಲಿ ಒಬ್ಬ ವ್ಯಕ್ತಿಗೂ ವಿದ್ಯಾಲಯಕ್ಕೂ ಇರುವ ಸಂಬಂಧವನ್ನು ಎಂಟು ಪದಗಳಲ್ಲಿ ಹೇಳಬಹುದು. ಅಧ್ಯಾಪಕ, ವಿದ್ಯಾರ್ಥಿ, ಸಿಬ್ಬಂದಿ, ನೌಕರ, ಸದಸ್ಯ, ಹಳೆಯ ವಿದ್ಯಾರ್ಥಿ, ಹೊರಗಿನ ನೆಂಟನೆಂದು ಹೇಳಬಹುದಾದ ಸಹಯೋಗಿ. ಎಂಟನೆಯದು ‘ಪುಸ್ತಕಭಂಡಾರದೊಳಕ್ಕೆ ಸುಮ್ಮನೆ ನಡೆದುಬಂದವನು’. ಈ ಎಂಟನೆಯವನಿಗೂ ಒಂದು ಹೆಸರು ಕೊಟ್ಟವರ ಔದಾರ್ಯವನ್ನು ಮೆಚ್ಚದೆ ಇರಲಾಗದು. ಒಬ್ಬರಿಗೆ ಇವುಗಳಲ್ಲಿ ಎಷ್ಟು ಪದಗಳಾದರೂ ಸಲ್ಲಬಹುದು. ಇಂತಹ ವಿವರಗಳನ್ನು ಇಡುವ ಎಲ್‌ಡ್ಯಾಪ್ ಎಂಬ ರಿಜಿಸ್ಟರಿನ ವಿಧಿಯ ಪ್ರಕಾರ ಒಂದೇ ಗುಣಕ್ಕೆ ಹಲವು ಬೆಲೆಗಳಿದ್ದಾಗ ಅವುಗಳಿಗೆ ಇಂತಹುದೇ ಕ್ರಮವೆಂಬುದಿಲ್ಲ. ಚೀಲದೊಳಗಿನ ಗೋಲಿಗಳಂತೆ ಅವು ಇರುತ್ತವೆ. ಕೈಹಾಕಿದಾಗ ಯಾವುದು ಮೊದಲು ಬರುವುದೆಂದು ಹೇಳಲಾಗದು. ಮೊದಲು ಬಂದುದನ್ನೇ ನಂಬಿ ಸ್ವಿಚ್ ಬರೆದಿದ್ದರೆ ಆ ವಿದ್ಯಾರ್ಥಿನಿ ಇಂದು ಅಧ್ಯಾಪಕರ ಓಣಿಯಲ್ಲಿ ಅಂಕಗಳನ್ನು ತುಂಬಿ, ಇನ್ನೊಂದು ದಿನ ಅದೇ ಕುರ್ಚಿಯಲ್ಲಿ ಕುಳಿತು ಅದೇ ಪುಟವನ್ನು ಕಾಣದೆ ಹೋಗಬಹುದು. ಈ ತೊಡಕನ್ನು ಬಲ್ಲವರು ಮುಖ್ಯ ಸಂಬಂಧವನ್ನು ಒಂದೇ ಪದದಲ್ಲಿ ಹೇಳುವ ಪ್ರತ್ಯೇಕ ಅಂಕಣವನ್ನು ಅದೇ ಪದ್ಧತಿಯಲ್ಲಿ ಇಟ್ಟಿದ್ದಾರೆ. ಅದು ತೊಡಕನ್ನು ಬಾಗಿಲಿನಿಂದ ಕಚೇರಿಗೆ ಸಾಗಿಸಿತೇ ಹೊರತು ಇಲ್ಲದಂತೆ ಮಾಡಲಿಲ್ಲ. ಯಾವುದು ಮುಖ್ಯವೆಂದು ಒಬ್ಬ ಗುಮಾಸ್ತನು ನಿರ್ಣಯಿಸಲೇಬೇಕು. ಹಾಗಾದರೂ ನಿರ್ಣಯವನ್ನು ಮನುಷ್ಯನೊಬ್ಬನು ಹಗಲು ಹೊತ್ತಿನಲ್ಲಿ ಮಾಡುವುದು ಲೇಸು.

ಇನ್ನು ಹೆಸರಿಲ್ಲದ ಆ ಕೊನೆಯ ಕವಲು. ಇದರ ಬಗೆಗೆ ಶಾಸ್ತ್ರಜ್ಞರ ಮತ ಬಹು ಹಿಂದೆಯೇ ಸ್ಥಿರವಾಗಿದೆ. ಜೆರೋಮ್ ಸಾಲ್ಟ್ಸರ್ ಮತ್ತು ಮೈಕೆಲ್ ಶ್ರೋಡರ್ ಎಂಬವರು 1975ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಯಾರನ್ನು ಹೊರಗಿಡಬೇಕೆಂದು ಎಣಿಸುವುದಕ್ಕಿಂತ ಯಾರನ್ನು ಒಳಗೆ ಬಿಡಬೇಕೆಂದು ಎಣಿಸಿ ಉಳಿದವರಿಗೆ ಬಾಗಿಲು ಹಾಕುವುದೇ ಕ್ಷೇಮವೆಂದು ವಿಧಿಸಿ, ಆ ಸಲಹೆಯನ್ನು 1965ರಲ್ಲಿ ಗ್ಲೇಸರ್ ಎಂಬವರು ಕೊಟ್ಟಿದ್ದರೆಂದು ಸ್ಮರಿಸಿದ್ದಾರೆ. ಎಣಿಕೆಯಲ್ಲಿ ಮರೆವು ಸಹಜ. ಹೊರಗಿಡಬೇಕಾದವನನ್ನು ಮರೆತರೆ ಕಳ್ಳನು ಸದ್ದಿಲ್ಲದೆ ಬರುತ್ತಾನೆ, ಒಳಗೆ ಬಿಡಬೇಕಾದವನನ್ನು ಮರೆತರೆ ಅವನೇ ಬಂದು ಕೂಗಾಡುತ್ತಾನೆ, ತಪ್ಪು ಬೇಗ ತಿಳಿಯುತ್ತದೆ. ಸಿಸ್ಕೊ ಕಂಪೆನಿಯ ಯಂತ್ರಗಳಲ್ಲಿ ಬರೆಯುವ ಪ್ರವೇಶಪಟ್ಟಿಯ ಕೊನೆಗೆ, ಯಾರೂ ಬರೆಯದಿದ್ದರೂ, ‘ಉಳಿದವರೆಲ್ಲರಿಗೂ ನಿಷೇಧ’ ಎಂಬ ಅದೃಶ್ಯವಾದ ಸಾಲೊಂದು ಇದ್ದೇ ಇರುತ್ತದೆ. ಹೊಸಬರು ಅದನ್ನು ತಿಳಿಯದೆ ತಮ್ಮನ್ನು ತಾವೇ ಹೊರಗೆ ಹಾಕಿಕೊಳ್ಳುವುದು ಆ ಕಸಬಿನವರ ನಿತ್ಯದ ವಿನೋದ.

ವಾದವು ಸರಿಯೇ. ಆದರೆ ಮರೆತುಹೋದವನು ಬಂದು ಕೂಗಾಡುತ್ತಾನೆಂಬುದು ಕೂಗಾಡಬಲ್ಲವರ ಮಟ್ಟಿಗೆ ಮಾತ್ರ ನಿಜ. ಕೊನೆಯ ಕವಲಿಗೆ ಬಂದು ಬೀಳುವವರು ಯಾರೆಂದು ಲೆಕ್ಕ ತೆಗೆದರೆ ಅಲ್ಲಿ ಕಳ್ಳರು ಕಡಮೆ. ರಿಜಿಸ್ಟರಿನಲ್ಲಿ ವರ್ಗದ ಹೆಸರು ದೊಡ್ಡಕ್ಷರದಿಂದಲೂ ನಿಯಮದಲ್ಲಿ ಚಿಕ್ಕಕ್ಷರದಿಂದಲೂ ಇದ್ದುದಕ್ಕಾಗಿ ಬಿದ್ದವರು ಕೆಲವರು. ಯಂತ್ರಕ್ಕೆ ಅವು ಬೇರೆಬೇರೆ ಪದಗಳು. ಜೂನ್ ತಿಂಗಳಲ್ಲಿ ಸೇರಿ ಆಗಸ್ಟಿನವರೆಗೂ ವರ್ಗವನ್ನೇ ತುಂಬಿಸಿಕೊಳ್ಳದವರು ಕೆಲವರು. ಲೋಕದ ಪದ್ಧತಿಯೇ ಬದಲಾದುದರಿಂದ ಬಿದ್ದವರೂ ಇದ್ದಾರೆ. ಹಿಂದೆ ಪ್ರತಿಯೊಂದು ಫೋನಿಗೂ ಕಾರ್ಖಾನೆಯಲ್ಲಿ ಕೊಟ್ಟ ಮ್ಯಾಕ್ ವಿಳಾಸವೊಂದಿದ್ದು, ಅನೇಕ ಕಡೆ ಅದನ್ನೇ ಗುರುತಾಗಿ ಹಿಡಿದು ನಿಯಮ ಬರೆಯುತ್ತಿದ್ದರು. ಜನರ ಸಂಚಾರವನ್ನು ಆ ವಿಳಾಸದಿಂದ ಹಿಂಬಾಲಿಸಬಹುದೆಂಬ ಕಾರಣದಿಂದ 2019ರ ಆಂಡ್ರಾಯ್ಡ್ 10ರಲ್ಲಿಯೂ 2020ರ ಐಒಎಸ್ 14ರಲ್ಲಿಯೂ ಫೋನುಗಳು ಒಂದೊಂದು ಜಾಲಕ್ಕೆ ಒಂದೊಂದು ಕಲ್ಪಿತ ವಿಳಾಸವನ್ನು ಹೇಳತೊಡಗಿದವು. ಹದಿನಾರರ ಎಣಿಕೆಯಲ್ಲಿ ಬರೆದ ಆ ವಿಳಾಸದ ಎರಡನೆಯ ಅಂಕೆ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯದಲ್ಲವೆಂದು ತಿಳಿದವರು ಗುರುತಿಸಬಲ್ಲರು. ತಿಳಿಯದ ನಿಯಮಕ್ಕೆ ಮಾತ್ರ, ಹೊಸ ಆವೃತ್ತಿಯನ್ನು ಹಾಕಿಕೊಂಡ ಹಳೆಯ ಪರಿಚಿತರೆಲ್ಲ ಅಪರಿಚಿತರಾಗಿ ಕಂಡಿರಬೇಕು. ಅವರು ಮಾಡಿದ ಅಪರಾಧ ತಮ್ಮ ಗುಟ್ಟನ್ನು ಕಾಯ್ದುಕೊಂಡದ್ದು.

ಇವೆಲ್ಲಕ್ಕಿಂತ ಗಹನವಾದ ಇನ್ನೊಂದು ಸಂದರ್ಭವಿದೆ. ‘ಈ ಹೆಸರಿನವರು ಇದ್ದಾರೆಯೇ?’ ಎಂದು ಸರ್ವರ್ ಯಂತ್ರವು ರಿಜಿಸ್ಟರನ್ನು ಕೇಳಿದಾಗ ‘ಇಲ್ಲ’ ಎಂಬ ಉತ್ತರ ಬರಬಹುದು. ಉತ್ತರವೇ ಬಾರದೆ ಹೋಗಲೂಬಹುದು. ರಿಜಿಸ್ಟರಿನ ಯಂತ್ರವು ನಿಂತಿರಬಹುದು, ನಡುವಣ ತಂತಿ ಕಡಿದಿರಬಹುದು. ಹೆಸರು ಇಲ್ಲವೆಂದು ತಿಳಿದುದು ಒಂದು. ಇದೆಯೋ ಇಲ್ಲವೋ ತಿಳಿಯದುದು ಮತ್ತೊಂದು. ಎರಡು ಕವಲಿನ ನಿಯಮದಲ್ಲಿ ಈ ಭೇದಕ್ಕೆ ಸ್ಥಳವಿಲ್ಲ, ಹೌದಲ್ಲದುದೆಲ್ಲ ಅಲ್ಲ. ಪರೀಕ್ಷೆಯ ಶುಲ್ಕ ಕಟ್ಟಲು ಕೊನೆಯ ದಿನ, ಸಂಜೆ ನಾಲ್ಕು ಗಂಟೆಗೆ ರಿಜಿಸ್ಟರಿನ ಯಂತ್ರ ನಿಂತಿತೆಂದರೆ, ಸಾವಿರ ಮಂದಿ ವಿದ್ಯಾರ್ಥಿಗಳು ಆ ಕ್ಷಣದಿಂದ ಕಾಲೇಜಿಗೆ ಸೇರದವರಾಗಿ ಬಿಡುತ್ತಾರೆ.

ನಿಯಮಭಾಷೆಗಳನ್ನು ಕಟ್ಟಿದವರು ಈ ಭೇದವನ್ನು ಬಲ್ಲರು. ಫ್ರೀರೇಡಿಯಸ್ಸಿನ ಮೂರನೆಯ ಆವೃತ್ತಿಯಲ್ಲಿ ಒಳಗಿನ ಒಂದು ಅಂಗವು ತನ್ನ ಕೆಲಸವನ್ನು ಮುಗಿಸಿ ಒಂಬತ್ತು ಬಗೆಯ ಉತ್ತರಗಳಲ್ಲಿ ಒಂದನ್ನು ಹೇಳುತ್ತದೆ. ‘ಸಿಕ್ಕಲಿಲ್ಲ’ ಎಂಬುದು ಬೇರೆ, ‘ನಿರಾಕರಿಸಿದೆ’ ಎಂಬುದು ಬೇರೆ, ‘ಖಾತೆಗೆ ಬೀಗ ಹಾಕಿದೆ’ ಎಂಬುದು ಬೇರೆ, ‘ಕೆಲಸ ಕೆಟ್ಟಿತು’ ಎಂಬುದು ಬೇರೆ. ಪ್ರವೇಶದ ನಿಯಮಗಳನ್ನು ಬರೆಯಲು 2003ರಲ್ಲಿ ಪ್ರಕಟವಾದ ಎಕ್ಸಾಕ್‌ಎಂಎಲ್ ಎಂಬ ವಿಧಿಯಲ್ಲಿ ತೀರ್ಪುಗಳು ನಾಲ್ಕು: ಅನುಮತಿ, ನಿಷೇಧ, ಅನ್ವಯಿಸದು, ನಿರ್ಣಯಿಸಲಾಗದು. ಶ್ರವಣಬೆಳಗೊಳದ ನೆರೆಯಲ್ಲಿ ಬೆಳೆದವರಿಗೆ ಇದೇನೂ ಹೊಸ ಮಾತಾಗಿ ತೋರಲಾರದು. ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರನ್ನು ಬೆರೆಸಿ ಏಳು ಭಂಗಿಗಳನ್ನು ಎಣಿಸಿದ ತಾರ್ಕಿಕರ ಮುಂದೆ ನಾಲ್ಕು ತೀರ್ಪುಗಳು ಬಡತನವೆಂದೇ ಹೇಳಬೇಕು. ಆದರೆ ತಾರ್ಕಿಕರು ಅವಕ್ತವ್ಯವೆಂದು ಹೇಳಿ ಸುಮ್ಮನಿರಬಹುದು. ದ್ವಾರಪಾಲಕನು ಸುಮ್ಮನಿರುವಂತಿಲ್ಲ. ತಿಳಿಯದಿದ್ದರೂ ಕದವನ್ನು ತೆರೆಯಬೇಕು ಇಲ್ಲವೆ ಮುಚ್ಚಿರಬೇಕು.

ತೆರೆದರೇನು? ಉತ್ತರ ಬಾರದಾಗ ಎಲ್ಲರನ್ನೂ ಬಿಡುವ ನಿಯಮವಿದೆಯೆಂದು ತಿಳಿದ ದಿನ ಕಳ್ಳನು ಪಾಸ್‌ವರ್ಡನ್ನು ಹುಡುಕುವ ಶ್ರಮ ಪಡುವುದಿಲ್ಲ, ತಂತಿಯನ್ನೇ ಕಡಿಯುತ್ತಾನೆ. ಮುಚ್ಚಿದರೇನು? ಆಸ್ಪತ್ರೆಯಲ್ಲಿ ರೋಗಿಯ ಪಕ್ಕದ ಯಂತ್ರವು ಹೆಸರು ಹೇಳಲಾರದೆ ಹೊರಗೆ ನಿಲ್ಲುತ್ತದೆ. ಇಲ್ಲಿ ಒಂದೇ ಉತ್ತರವನ್ನು ಎಲ್ಲ ಬಾಗಿಲುಗಳಿಗೂ ಹಚ್ಚುವುದು ಮೈಗಳ್ಳತನ. ಅಂಕಪಟ್ಟಿಯ ಓಣಿಯು ಅನುಮಾನದಲ್ಲಿ ಮುಚ್ಚಿಯೇ ಇರಬೇಕು. ವಿದ್ಯಾರ್ಥಿಗಳಿಗಾದರೆ, ಹೊರಗಿನ ಲೋಕಕ್ಕೆ ಮಾತ್ರ ದಾರಿಯಿದ್ದು ಒಳಗಿನ ಯಾವ ಕೋಣೆಗೂ ದಾರಿಯಿಲ್ಲದ ಓಣಿಯೊಂದನ್ನು ಒಂದು ಗಂಟೆಯ ಮಟ್ಟಿಗೆ ತೆರೆದು, ಗಂಟೆ ಕಳೆದ ಮೇಲೆ ಮತ್ತೆ ಗುರುತು ಕೇಳಬಹುದು. ಅಷ್ಟರೊಳಗೆ ಶುಲ್ಕ ಕಟ್ಟಿದ ಚೀಟಿ ಕೈಗೆ ಬಂದಿರುತ್ತದೆ. ಹೀಗೆ ಬರೆಯಲು ಬೇಕಾದದ್ದು ಒಂದೇ ಒಂದು ಕವಲು ಹೆಚ್ಚು, ಅಂದರೆ ನಾಲ್ಕೈದು ಸಾಲು. ಆದರೂ ಹೆಚ್ಚಿನ ಕಡೆ ಅದು ಬರೆಯದೆ ಉಳಿಯುವುದು, ರಿಜಿಸ್ಟರಿನ ಯಂತ್ರ ನಿಲ್ಲದ ದಿನಗಳೇ ಹೆಚ್ಚಾಗಿರುವುದರಿಂದ.

ಊರು ಬಿಟ್ಟು ಹೋದವರಿಗೆ ಈ ತೊಡಕು ಇಮ್ಮಡಿ. 2002ರ ಸುಮಾರಿಗೆ ಯೂರೋಪಿನ ವಿದ್ಯಾಜಾಲಗಳವರು ಆಲೋಚಿಸಿ ಆರಂಭಿಸಿದ, ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ಹರಡಿರುವ ಎಜುರೋಮ್ ಎಂಬ ವ್ಯವಸ್ಥೆಯುಂಟು. ಭಾರತದಲ್ಲಿ ಅದರ ನಿರ್ವಹಣೆ ಎರ್ನೆಟ್ ಸಂಸ್ಥೆಯದು. ಬೆಂಗಳೂರಿನ ವಿದ್ಯಾರ್ಥಿನಿಯೊಬ್ಬಳು ಹಾಲೆಂಡಿನ ವಿದ್ಯಾಲಯಕ್ಕೆ ಹೋದಳೆನ್ನೋಣ. ಅಲ್ಲಿಯ ದ್ವಾರಪಾಲಕನು ಅವಳ ಹೆಸರಿನಲ್ಲಿ ‘ಅಟ್’ ಗುರುತಿನ ಮುಂದಿರುವ ಊರನ್ನು ನೋಡಿ ಮೂರು ಕವಲು ಒಡೆಯುತ್ತಾನೆ: ಊರು ತನ್ನದಾದರೆ ತಾನೇ ನೋಡುತ್ತಾನೆ, ಬೇರೆಯದಾದರೆ ಪ್ರಶ್ನೆಯನ್ನು ಮೇಲಿನವರಿಗೆ ಒಪ್ಪಿಸುತ್ತಾನೆ, ಅದು ದೇಶದಿಂದ ದೇಶಕ್ಕೆ ಕೈಬದಲಾಗಿ ಬೆಂಗಳೂರಿಗೆ ಬಂದು ಉತ್ತರವನ್ನು ಹೊತ್ತು ಹಿಂದಿರುಗುತ್ತದೆ, ಊರನ್ನೇ ಬರೆಯದಿದ್ದರೆ ಅಲ್ಲಿಯೇ ತಿರಸ್ಕರಿಸುತ್ತಾನೆ. ಅವಳ ಪಾಸ್‌ವರ್ಡು ಪರದೇಶದವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಬಿಚ್ಚುವುದು ತವರಿನಲ್ಲಿ ಮಾತ್ರ. ಬಹು ಸೊಗಸಾದ ಏರ್ಪಾಡು. ಆದರೆ ನಡುವಣ ಯಾವುದೋ ಒಂದು ಹೊಸ್ತಿಲಿನಲ್ಲಿ ಪ್ರಶ್ನೆ ಕಳೆದುಹೋದರೆ ಅವಳಿಗೆ ತಿಳಿಯುವ ಬಗೆಯೇನು? ಎಷ್ಟೋ ಫೋನುಗಳು ಆಗ ಕೇಳುವುದು ಪಾಸ್‌ವರ್ಡನ್ನೇ, ಇನ್ನೊಂದು ಸಲ. ಅವಳು ಒಂದೊಂದಾಗಿ ಅಕ್ಷರಗಳ ಮೇಲೆ ಬೆರಳಿಟ್ಟು ಮತ್ತೆ ಬರೆಯುತ್ತಾಳೆ, ಮೂರನೆಯ ಸಲಕ್ಕೆ ತನ್ನ ನೆನಪನ್ನೇ ಶಂಕಿಸುತ್ತಾಳೆ. ತಪ್ಪು ದಾರಿಯದು, ಹೊತ್ತವಳು ಅವಳು.

ಬಂದವರಿಗೆ ಕಾರಣವನ್ನು ತಿಳಿಸುವುದು ಈ ಪದ್ಧತಿಯಲ್ಲಿ ಸುಲಭವಲ್ಲ. ಒಳಗಿನ ದಿನಚರಿಯಲ್ಲಿ ಬರೆದಿಡುವುದು ಸುಲಭ. ಒಳ್ಳೆಯ ಅಧಿಕಾರಿಯು ಕೊನೆಯ ಕವಲಿನಲ್ಲಿ ನಿಷೇಧದ ಒಂದು ಪದವನ್ನಷ್ಟೇ ಇಡದೆ, ಅದರ ಮೇಲೆ ಇನ್ನೊಂದು ಸಾಲನ್ನು ಇಟ್ಟಿರುತ್ತಾನೆ: ಬಂದ ಹೆಸರು ಯಾವುದು, ವರ್ಗದ ಅಂಕಣದಲ್ಲಿ ಏನಿತ್ತು, ರಿಜಿಸ್ಟರು ‘ಸಿಕ್ಕಲಿಲ್ಲ’ ಎಂದಿತೋ ಮಾತೇ ಆಡಲಿಲ್ಲವೋ, ಎಷ್ಟು ಗಂಟೆಗೆ. ಬೆಳಿಗ್ಗೆ ಕಾಫಿ ಆರುವ ಮೊದಲು ಅವನು ಆ ಪಟ್ಟಿಯನ್ನು ಓದುತ್ತಾನೆ. ಹನ್ನೊಂದು ಹೆಸರುಗಳಿವೆ. ಎರಡು ಯಾರದೋ ಬೆರಳು ಜಾರಿದವು. ಒಂದು ಮುದ್ರಣಯಂತ್ರದ್ದು. ಏಳು ಹೆಸರುಗಳ ಮುಂದೆ ವರ್ಗದ ಅಂಕಣ ಖಾಲಿಯಿದೆ, ಏಳೂ ಈ ವರ್ಷ ಸೇರಿದ ಮೊದಲ ವರ್ಷದವರವು. ಉಳಿದ ಒಂದು ಹೆಸರು ನಿಲಯದ ಪಾಲಕರದು, ರಾತ್ರಿ ಒಂಬತ್ತೂ ಕಾಲರಿಂದ ಹತ್ತರವರೆಗೆ ಆರು ಸಲ. ವರ್ಗದ ಅಂಕಣದಲ್ಲಿರುವ ಪದಕ್ಕೆ ಅವನ ನಾಲ್ಕು ಕವಲುಗಳಲ್ಲಿ ಸ್ಥಳವಿಲ್ಲ. ಅಧಿಕಾರಿಯು ಕಡತವನ್ನು ತೆರೆದು, ಹೆಸರಿಲ್ಲದ ಕವಲಿನ ಮೇಲೆ ಐದನೆಯದೊಂದನ್ನು ಬರೆದು, ಪ್ರವೇಶ ವಿಭಾಗದ ಗುಮಾಸ್ತರಿಗೆ ಏಳು ಹೆಸರುಗಳ ಚೀಟಿಯನ್ನು ಕಳುಹಿಸಿ, ಪಾಲಕರ ಫೋನಿನಿಂದ ಒಮ್ಮೆ ಪರೀಕ್ಷಿಸಲು ನಿಲಯದ ಕಡೆಗೆ ನಡೆಯುತ್ತಾನೆ.